ಕಿವಿ ಮುಚ್ಚಿಕೊಂಡು ನೋಡುವ ಸಿನಿಮಾ

ದೆವ್ವದ ಸಿನಿಮಾ ನೋಡುವಾಗ ನಾನು ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತೇನೆ. ಧೈರ್ಯದ ಮಾತೇನೂ ಇದರಲ್ಲಿಲ್ಲ. ಮೊದಮೊದಲು ಎಲ್ಲರಂತೆ ನಾನೂ ಬೆರಳ ಸಂದಿಯಿಂದ ನೋಡುತ್ತಿದ್ದವಳೇ. ಆದರೆ ಕಣ್ಣು ಮುಚ್ಚಿದರೂ ಸದ್ದು ಮುಂದುವರಿಯುತ್ತಿತ್ತು, ಆ ಸದ್ದಿಗೆ ತಕ್ಕ ಚಿತ್ರವನ್ನು ನನ್ನ ತಲೆ ತಾನಾಗಿಯೇ ಬರೆದುಕೊಳ್ಳುತ್ತಿತ್ತು. ತೆರೆಯ ಮೇಲಿದ್ದುದಕ್ಕಿಂತ ಅದು ಯಾವಾಗಲೂ ಘೋರವಾಗಿರುತ್ತಿತ್ತು. ಒಂದು ರಾತ್ರಿ ಮನೆಯವರಿಗೆ ಎಚ್ಚರವಾದೀತೆಂದು ಟೀವಿಯ ಧ್ವನಿಯನ್ನು ಪೂರ್ತಿ ಇಳಿಸಿ ನೋಡಿದೆ. ಎದೆ ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಮುಖಕ್ಕೆ ಬಿಳಿ ಬಳಿದುಕೊಂಡ ಹೆಂಗಸೊಬ್ಬಳು ಬಾಗಿಲ ಹಿಂದಿನಿಂದ ಬಂದಳು, ಬಾಯಿ ಅಗಲಿಸಿದಳು, ಹೋದಳು. ಪಾಪ, ಹಲ್ಲುನೋವಿರಬೇಕು ಅನ್ನಿಸಿತು.

ಅಂದಿನಿಂದ ಇಂಥ ಚಿತ್ರಗಳನ್ನು ಎರಡೆರಡು ಸಲ ನೋಡುತ್ತೇನೆ. ಮೊದಲ ಸಲ ಧ್ವನಿಯೊಂದಿಗೆ, ಮರ್ಯಾದೆಯಾಗಿ ಹೆದರಿಕೊಂಡು. ಎರಡನೆಯ ಸಲ ಧ್ವನಿ ತೆಗೆದು, ನನ್ನ ಜೇಬಿಗೆ ಯಾರು ಯಾವಾಗ ಕೈ ಹಾಕಿದರು ಎಂದು ಹುಡುಕಿಕೊಂಡು.

ಸದ್ದಿನ ಮಹಿಮೆ ನನ್ನಂಥ ಪುಕ್ಕಲರು ಕಂಡುಹಿಡಿದ ಗುಟ್ಟೇನಲ್ಲ. ಜಾನ್ ಕಾರ್ಪೆಂಟರ್ 1978ರ ತಮ್ಮ 'ಹ್ಯಾಲೋವೀನ್' ಚಿತ್ರವನ್ನು ಸಂಗೀತ ಸೇರಿಸುವ ಮೊದಲೇ ಒಂದು ದೊಡ್ಡ ಸ್ಟುಡಿಯೋದ ಅಧಿಕಾರಿಯೊಬ್ಬರಿಗೆ ತೋರಿಸಿದರು. ಆಕೆಗೆ ಚೂರೂ ಹೆದರಿಕೆಯಾಗಲಿಲ್ಲ. ಕಾರ್ಪೆಂಟರ್ ತಾವೇ ಕುಳಿತು ಸಂಗೀತ ಹೊಸೆದರು: ಪಿಯಾನೋದ ಮೇಲೆ ಐದು ಎಣಿಕೆಯ ಒಂದು ಸಣ್ಣ ತುಣುಕು, ಮತ್ತೆ ಮತ್ತೆ ಅದೇ. ನಾಲ್ಕರ ನಡೆಗೆ ಒಗ್ಗಿಹೋದ ಕಿವಿ ಇನ್ನೇನು ಕಾಲೂರಬೇಕು ಅನ್ನುವಷ್ಟರಲ್ಲಿ ಒಂದು ಎಣಿಕೆ ಮಿಕ್ಕಿಬಿಡುತ್ತದೆ. ನಮ್ಮ ಸಂಗೀತದ ಐದರ ಲಯವಾದ ಖಂಡ ನಡೆಯಲ್ಲಿ ಸುಖ ಕಂಡವರಿಗೂ ಇಲ್ಲಿ ಸುಖವಿಲ್ಲ. ಈ ಐದು ಎಲ್ಲಿಯೂ ಬಂದು ಕೂರುವುದಿಲ್ಲ, ಸುಮ್ಮನೆ ಬೆನ್ನು ಹತ್ತುತ್ತದೆ. ಅದೇ ಅಧಿಕಾರಿ ಮುಂದೆ ಸಂಗೀತದ ಸಮೇತ ಚಿತ್ರ ನೋಡಿ ಮನಸ್ಸು ಬದಲಿಸಿದರಂತೆ.

ಹಿಚ್‌ಕಾಕ್ ಕೂಡ ಒಮ್ಮೆ ತಪ್ಪು ಲೆಕ್ಕ ಹಾಕಿದ್ದರು ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. 1960ರ 'ಸೈಕೋ' ಚಿತ್ರದ ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡ, ನೀರಿನ ಸದ್ದು ಸಾಕು ಎಂಬುದು ಅವರ ಮೊದಲ ತೀರ್ಮಾನವಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಬರೆದು ಕೇಳಿಸಿದರು, ಹಿಚ್‌ಕಾಕ್ ತೆಪ್ಪಗೆ ಒಪ್ಪಿಕೊಂಡರು. ಇಡೀ ಚಿತ್ರದ ವಾದ್ಯವೃಂದದಲ್ಲಿರುವುದು ತಂತಿವಾದ್ಯಗಳು ಮಾತ್ರ. ಆ ಕೊಲೆಯ ಗಳಿಗೆಯಲ್ಲಿ ಪಿಟೀಲುಗಳು ನುಡಿಯುವುದನ್ನು ಬಿಟ್ಟು ಕಿರುಚುತ್ತವೆ.

ಈ ಕಿರುಚಾಟಕ್ಕೆ ಬೇರೆಯದೇ ಒಂದು ಮೂಲವಿದೆ. ಡೇನಿಯಲ್ ಬ್ಲಮ್‌ಸ್ಟೀನ್ ಎಂಬ ಜೀವವಿಜ್ಞಾನಿ ಮಾರ್ಮಟ್ ಎಂಬ, ಅಳಿಲಿನ ಬಳಗದ ದಪ್ಪ ಪ್ರಾಣಿಗಳನ್ನು ಅಧ್ಯಯನ ಮಾಡುತ್ತಿದ್ದವರು. ಕೈಗೆ ಸಿಕ್ಕಿಬಿದ್ದ ಮರಿಗಳು ಗಂಟಲಿನ ಶಕ್ತಿ ಮೀರಿ ಅರಚುವಾಗ ದನಿ ಒಡೆಯುತ್ತದೆ, ಗೊರಗೊರವಾಗುತ್ತದೆ, ಥಟ್ಟನೆ ಏರುತ್ತದೆ. ಇಂಥ ಒಡೆದ ದನಿಯನ್ನು ಕೇಳಿಯೂ ಕೇಳದಂತೆ ಇರಲು ಪ್ರಾಣಿಗಳಿಂದ ಆಗುವುದಿಲ್ಲ. 2010ರಲ್ಲಿ ಅವರೂ ಅವರ ಜೊತೆಗಾರರೂ ಸಿನಿಮಾಗಳ ಧ್ವನಿಪಟ್ಟಿಯನ್ನು ಅಳೆದು ನೋಡಿದಾಗ, ಭಯದ ದೃಶ್ಯಗಳಲ್ಲಿ ಅದೇ ಬಗೆಯ ಒಡಕು ದನಿಗಳು ತುಂಬಿದ್ದವು. ಸಂಗೀತಗಾರರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಂಕಟದಲ್ಲಿರುವ ಮರಿಯ ದನಿ ಯಾವುದೆಂದು ಅವರ ಕಿವಿಗೇ ಗೊತ್ತಿತ್ತು.

ಹೆದರಿಕೆಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ: ಬೆಚ್ಚುವುದು, ಅಳುಕುವುದು, ದಿಗಿಲುಬೀಳುವುದು, ಅಂಜುವುದು. ಇವೆಲ್ಲ ಒಂದೇ ಅಲ್ಲವೆಂದು ಮಾತನಾಡುವವರಿಗೆಲ್ಲ ಗೊತ್ತು. 'ಹಾರರ್' ಎಂಬ ಹಣೆಪಟ್ಟಿ ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ಇವುಗಳಲ್ಲಿ ಬೆಚ್ಚುವುದು ಅತಿ ಅಗ್ಗದ್ದು. ಅದು ಮನಸ್ಸಿನವರೆಗೆ ಹೋಗುವುದೇ ಇಲ್ಲ. ಹಠಾತ್ತನೆ ದೊಡ್ಡ ಸದ್ದಾದರೆ ಸೆಕೆಂಡಿನ 20ರಲ್ಲಿ ಒಂದು ಭಾಗದೊಳಗೆ ಕಣ್ಣೆವೆ ಬಡಿದುಕೊಳ್ಳುತ್ತದೆ, ಅದರ ಬೆನ್ನಿಗೇ ಕತ್ತು ಕುಗ್ಗುತ್ತದೆ, ಭುಜ ಮೇಲೇರುತ್ತದೆ. ಏನಾಯಿತೆಂದು ತಿಳಿಯುವ ಮೊದಲೇ ಮೈ ತನ್ನ ಕೆಲಸ ಮುಗಿಸಿರುತ್ತದೆ. ಕಿವಿಯ ಬಳಿ ಬಲೂನು ಒಡೆದರೂ ಇಷ್ಟೇ ಆಗುತ್ತದೆ, ಬಲೂನು ಒಡೆದವನನ್ನು ನಾವು ಕಲಾವಿದ ಎನ್ನುವುದಿಲ್ಲ.

ಹೀಗೆ ಹೇಳಿದರೂ ಬೆಚ್ಚಿಸುವುದನ್ನು ಕಲೆಯಾಗಿ ಮಾಡಿದ ಒಂದು ದೃಶ್ಯಕ್ಕೆ ನಾನು ತಲೆಬಾಗುತ್ತೇನೆ. 1942ರ 'ಕ್ಯಾಟ್ ಪೀಪಲ್' ಚಿತ್ರ. ನಿರ್ಮಾಪಕ ವಾಲ್ ಲ್ಯೂಟನ್ ಕೈಯಲ್ಲಿ ಹಣ ಕಡಿಮೆ, ಮೃಗವಾಗಿ ಬದಲಾಗುವ ಹೆಂಗಸನ್ನು ತೋರಿಸುವ ಅನುಕೂಲವಿಲ್ಲ. ನಿರ್ದೇಶಕ ಜಾಕ್ ಟೂರ್ನರ್ ರಾತ್ರಿಯ ರಸ್ತೆಯಲ್ಲಿ ಒಬ್ಬಳನ್ನು ನಡೆಸುತ್ತಾರೆ, ಹಿಂದೆ ಇನ್ನೊಬ್ಬಳನ್ನು. ಸಂಗೀತವಿಲ್ಲ. ಎರಡು ಜೊತೆ ಹಿಮ್ಮಡಿಗಳ ಟಕಟಕ ಮಾತ್ರ. ಸ್ವಲ್ಪ ಹೊತ್ತಿನ ಮೇಲೆ ಒಂದು ಜೊತೆಯ ಸದ್ದು ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ರಸ್ತೆ ಬರಿದು. ಅವಳು ಓಡತೊಡಗುತ್ತಾಳೆ. ಆಗ ಮೃಗ ಬುಸುಗುಟ್ಟಿದಂಥ ಒಂದು ಸದ್ದು, ಚೌಕಟ್ಟಿನೊಳಗೆ ರಪ್ಪನೆ ಬಂದು ನಿಲ್ಲುವ ಬಸ್ಸು. ಬುಸುಗುಟ್ಟಿದ್ದು ಅದರ ಬ್ರೇಕು. ಸಂಕಲನಕಾರ ಮಾರ್ಕ್ ರಾಬ್ಸನ್ ಜೋಡಿಸಿದ ಈ ಕ್ಷಣ ಎಷ್ಟು ಹೆಸರಾಯಿತೆಂದರೆ, ಲ್ಯೂಟನ್ ಬಳಗದಲ್ಲಿ ಇಂಥ ತಂತ್ರಕ್ಕೆಲ್ಲ 'ಬಸ್' ಎಂದೇ ಹೆಸರು ಬಿತ್ತು.

ಆಮೇಲೆ ಬಂದ ಬಸ್ಸುಗಳ ಲೆಕ್ಕ ಇಟ್ಟವರಿಲ್ಲ. ಬೀರುವಿನಿಂದ ಹಾರುವ ಬೆಕ್ಕು, ಭುಜದ ಮೇಲೆ ಕೈಯಿಡುವ ಗೆಳೆಯ, ಔಷಧಿಯ ಕಪಾಟಿನ ಕನ್ನಡಿ ಮುಚ್ಚಿದೊಡನೆ ಹಿಂದೆ ಕಾಣುವ ಮುಖ. (ಭುಜದ ಮೇಲೆ ಕೈಯಿಡುವ ಮೊದಲು ಹೆಸರು ಹಿಡಿದು ಕರೆಯುವ ಗೆಳೆಯನನ್ನು ನಾನು ಇನ್ನೂ ಯಾವ ಚಿತ್ರದಲ್ಲೂ ಕಂಡಿಲ್ಲ.) ನಕಲು ಮಾಡಿದವರು ಬಸ್ಸನ್ನು ತೆಗೆದುಕೊಂಡರು, ನಿಂತುಹೋದ ಹೆಜ್ಜೆಯ ಸದ್ದನ್ನು ಬಿಟ್ಟುಬಿಟ್ಟರು. ಬಸ್ಸು ಬರುವ ಹೊತ್ತಿಗೆ ನನ್ನ ಉಸಿರು ಆಗಲೇ ಸಿಕ್ಕಿಕೊಂಡಿರುತ್ತದೆ. ಸಿಕ್ಕಿಸಿದ್ದು ಆ ನಿಶ್ಶಬ್ದ.

ಇಲ್ಲಿಂದ ಮುಂದಿನದು ಅಳುಕು. ಅದು ನಿಧಾನ, ಮತ್ತು ಅದಕ್ಕೆ ಬೇಕಾದದ್ದು ಖಾಲಿ ಜಾಗ.

ಮುಖವೊಂದನ್ನು ಹತ್ತಿರದಿಂದ ತೋರಿಸುವಾಗ ಛಾಯಾಗ್ರಾಹಕರು ಅದು ನೋಡುತ್ತಿರುವ ದಿಕ್ಕಿನಲ್ಲಿ ಸ್ವಲ್ಪ ಜಾಗ ಬಿಡುವುದು ವಾಡಿಕೆ. ದೆವ್ವದ ಸಿನಿಮಾದಲ್ಲಿ ಆ ಜಾಗ ಬೆನ್ನ ಹಿಂದೆ ಬಂದು ಕೂರುತ್ತದೆ. ಮುಖ ಒಂದು ಅಂಚಿಗೆ ಸರಿದಿರುತ್ತದೆ, ಹಿಂದೆ ತೆರೆದ ಬಾಗಿಲು, ಬಾಗಿಲಾಚೆ ಕತ್ತಲು. ನಟಿ ಏನೋ ಮುಖ್ಯವಾದ ಮಾತು ಹೇಳುತ್ತಿರುತ್ತಾಳೆ, ನನಗೆ ಒಂದಕ್ಷರವೂ ಕೇಳಿಸುವುದಿಲ್ಲ. ಕಣ್ಣು ಬಾಗಿಲಿಗೆ ಅಂಟಿಕೊಂಡಿರುತ್ತದೆ. ಒಳ್ಳೆಯ ನಿರ್ದೇಶಕ ಅಲ್ಲಿ ಏನನ್ನೂ ಇಡುವುದಿಲ್ಲ. ಎರಡನೆಯ ಸಲವೂ ಇಡುವುದಿಲ್ಲ. ಮೂರನೆಯ ಸಲ ಇಡಬೇಕೋ ಬೇಡವೋ ಎಂಬಲ್ಲೇ ಅವನ ಯೋಗ್ಯತೆ ತಿಳಿಯುವುದು.

'ದಿ ಇನ್ನೊಸೆಂಟ್ಸ್' (1961) ಚಿತ್ರದ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅವರಿಗೆ ಸಿನಿಮಾಸ್ಕೋಪಿನ ಅಗಲವಾದ ಚೌಕಟ್ಟು ತೊಡಕಾಗಿತ್ತು. ಅಷ್ಟು ಅಗಲದಲ್ಲಿ ಒಬ್ಬಂಟಿ ಹೆಂಗಸಿನ ಉಸಿರುಕಟ್ಟಿಸುವುದು ಹೇಗೆ? ಅವರು ಫಿಲ್ಟರುಗಳ ಅಂಚಿಗೆ ಬಣ್ಣ ಬಳಿದರು. ತೆರೆಯ ಎರಡೂ ಬದಿ ಮಬ್ಬಾಗಿ ಕತ್ತಲಲ್ಲಿ ಕರಗಿತು. ಅಗಲ ಹಾಗೇ ಉಳಿಯಿತು, ಆದರೆ ಅದರಲ್ಲಿ ಎಷ್ಟು ಭಾಗ ನಮ್ಮದು ಎಂಬ ಭರವಸೆ ಹೋಯಿತು. ಅದೇ ಚಿತ್ರದಲ್ಲಿ ಹಾಡಹಗಲು, ಕೊಳದ ಆಚೆ ದಡದ ಜೊಂಡಿನ ನಡುವೆ, ಕಪ್ಪು ಉಡುಪಿನ ಒಬ್ಬಳು ಸುಮ್ಮನೆ ನಿಂತಿರುತ್ತಾಳೆ. ಹತ್ತಿರ ಬರುವುದಿಲ್ಲ, ಕಿರುಚುವುದಿಲ್ಲ. ನಾನು ಕಂಡ ದೆವ್ವಗಳಲ್ಲೆಲ್ಲ ಅತಿ ಕಡಿಮೆ ಕೆಲಸ ಮಾಡಿದವಳು ಅವಳೇ, ಇಂದಿಗೂ ಬಿಟ್ಟುಹೋಗದವಳೂ ಅವಳೇ.

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಸಂಗ 'ರೋಸ್‌ಮೆರೀಸ್ ಬೇಬಿ' (1968) ಚಿತ್ರದ್ದು. ನೆರೆಮನೆಯ ಮುದುಕಿ ಮಲಗುವ ಕೋಣೆಗೆ ಹೋಗಿ ಫೋನ್ ಮಾಡುವ ದೃಶ್ಯ. ಛಾಯಾಗ್ರಾಹಕ ವಿಲಿಯಂ ಫ್ರೇಕರ್ ಬಾಗಿಲ ನಡುವೆ ಆಕೆ ಚೆನ್ನಾಗಿ ಕಾಣುವಂತೆ ಕ್ಯಾಮೆರಾ ಇಟ್ಟರು. ನಿರ್ದೇಶಕ ಪೊಲಾನ್‌ಸ್ಕಿ ಬಂದು ಕ್ಯಾಮೆರಾವನ್ನು ಸರಿಸಿ, ಮುಖ ಬಾಗಿಲ ಚೌಕಟ್ಟಿನ ಮರೆಗೆ ಹೋಗುವಂತೆ ಮಾಡಿದರು. ಫ್ರೇಕರ್ ಅವರಿಗೆ ಇದರ ಅರ್ಥವಾದದ್ದು ಚಿತ್ರಮಂದಿರದಲ್ಲಿ. ಆ ದೃಶ್ಯ ಬಂದಾಗ ಪ್ರೇಕ್ಷಕರ ತಲೆಗಳೆಲ್ಲ ಒಟ್ಟಿಗೇ ಒಂದು ಬದಿಗೆ ವಾಲಿದವು, ಬಾಗಿಲ ಮರೆಯಲ್ಲಿರುವುದನ್ನು ಇಣುಕಿ ನೋಡಲು. ಚಪ್ಪಟೆ ಪರದೆಯ ಮೇಲಿನ ಬಾಗಿಲು ಅದು, ಎಷ್ಟು ವಾಲಿದರೂ ಮರೆಯಲ್ಲಿರುವುದು ಕಾಣುವುದಿಲ್ಲ. ಎಲ್ಲರಿಗೂ ಗೊತ್ತು. ಆದರೂ ವಾಲಿದರು.

ಕ್ಯಾಮೆರಾ ಅಲುಗದೆ ನಿಂತರೂ ಇಂಥದೇ ಕೆಲಸವಾಗುತ್ತದೆ. 'ದಿ ಎಕ್ಸಾರ್ಸಿಸ್ಟ್ 3' (1990) ಚಿತ್ರದಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬಳನ್ನು ಆಸ್ಪತ್ರೆಯ ಉದ್ದನೆಯ ಓಣಿಯ ತುದಿಯಿಂದ ನೋಡುತ್ತೇವೆ. ಅವಳು ಕಾಗದ ತಿರುವುತ್ತಾಳೆ. ಏಳುತ್ತಾಳೆ. ಒಂದು ಬಾಗಿಲು ತೆರೆಯುತ್ತಾಳೆ, ಮುಚ್ಚುತ್ತಾಳೆ. ಕಾವಲಿನವನು ಬರುತ್ತಾನೆ, ಹೋಗುತ್ತಾನೆ. ಹೀಗೆ ನಿಮಿಷಗಳು ಉರುಳುತ್ತವೆ. ಸಿನಿಮಾದಲ್ಲಿ ಶಾಟ್ ಬದಲಾಗುವುದೆಂದರೆ ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಅರ್ಥ: ಇದನ್ನು ನೋಡು, ಈಗ ಅದನ್ನು ನೋಡು. ಕತ್ತರಿ ನಿಂತರೆ ಕೈ ಹಿಡಿದು ನಡೆಸುವವರು ಬಿಟ್ಟುಹೋದಂತೆ. ಆ ಓಣಿಯಲ್ಲಿ ಆಮೇಲೆ ನಡೆಯುವುದನ್ನು ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ. ನಾನಂತೂ ಅದನ್ನು ಗಡಿಯಾರ ಹಿಡಿದು, ಧ್ವನಿ ತೆಗೆದು, ಏನಾಗುವುದೆಂದು ಗೊತ್ತಿದ್ದೂ ನೋಡಿ ಸೋತಿದ್ದೇನೆ. ಧ್ವನಿ ತೆಗೆದರೂ ಕೆಲಸ ಮಾಡುವ ಕೆಲವೇ ದೃಶ್ಯಗಳಲ್ಲಿ ಅದೊಂದು.

ಚಲಿಸುವ ಕ್ಯಾಮೆರಾದ ಪ್ರಶ್ನೆ ಬೇರೆ: ಇದು ಯಾರ ಕಣ್ಣು? 'ಹ್ಯಾಲೋವೀನ್' ಆರಂಭದಲ್ಲಿ ನಾವು ಯಾರದೋ ಕಣ್ಣಿನೊಳಗಿಂದ ಮನೆ ಹೊಕ್ಕು ಮಹಡಿ ಹತ್ತುತ್ತೇವೆ. ಅದು ಯಾರೆಂದು ತಿಳಿದಾಗ ಆಗುವ ಇರಿಸುಮುರಿಸಿನಲ್ಲಿ ಅರ್ಧ ನಮ್ಮ ಮೇಲಿನದೇ. ಆದರೆ ಪೊದೆಯ ಮರೆಯಿಂದ ನಾಯಕಿಯನ್ನು ಇಣುಕಿ ನೋಡಿ, ಕೊನೆಗೆ ಅಲ್ಲಿ ಯಾರೂ ಇರಲಿಲ್ಲ ಎನ್ನುವ ಚಿತ್ರಗಳು ನನಗೆ ಸಿಟ್ಟು ಬರಿಸುತ್ತವೆ. ಪೊದೆಯಲ್ಲಿದ್ದದ್ದು ಛಾಯಾಗ್ರಾಹಕನೊಬ್ಬನೇ ಎಂದಾದರೆ ಅದು ಮೋಸ. ಇದಕ್ಕೆ ಎದುರಾಗಿ 'ದಿ ಶೈನಿಂಗ್' (1980) ಚಿತ್ರದ ಹುಡುಗನ ಮೂರು ಗಾಲಿಯ ಸೈಕಲನ್ನು ನೆನೆಯಿರಿ. ಗ್ಯಾರೆಟ್ ಬ್ರೌನ್ ತಾವೇ ರೂಪಿಸಿದ, ನಡೆಯುವಾಗಲೂ ಚಿತ್ರ ಕುಲುಕದಂತೆ ಕ್ಯಾಮೆರಾ ಹಿಡಿಯುವ ಸ್ಟೆಡಿಕ್ಯಾಮನ್ನು ನೆಲಕ್ಕೆ ಹತ್ತಿರ ಹಿಡಿದು ಹಿಂಬಾಲಿಸುತ್ತಾರೆ. ಮರದ ನೆಲದ ಮೇಲೆ ಗಡಗಡ, ಜಮಖಾನದ ಮೇಲೆ ಮೌನ, ಮತ್ತೆ ಗಡಗಡ. ಈ ಲಯ ಸಾಕಷ್ಟು ಕೇಳಿದ ಮೇಲೆ ಪ್ರತಿ ತಿರುವೂ ಭಾರವಾಗುತ್ತದೆ.

ನನ್ನ ತಂಗಿಗೆ ಇದಾವುದೂ ತಾಗುವುದಿಲ್ಲ. ಅವಳು ಪಕ್ಕದಲ್ಲಿ ಮೊಬೈಲ್ ನೋಡಿಕೊಂಡು ಕೂತು ನಡುನಡುವೆ ತಲೆಯೆತ್ತಿ ಪ್ರಶ್ನೆ ಹಾಕುತ್ತಾಳೆ. "ಅಕ್ಕಾ, ಇವಳು ಲೈಟ್ ಯಾಕೆ ಹಾಕುವುದಿಲ್ಲ?" "ಇಬ್ಬರೂ ಒಟ್ಟಿಗೇ ಹೋಗಿ ನೋಡಬಾರದೇ?" "ಮನೆ ಬಿಟ್ಟು ಹೋದರೆ ಕಥೆ ಮುಗಿಯಿತಲ್ಲ?" ಮುಗಿಯುತ್ತದೆ, ಅದಕ್ಕೇ ಹೋಗುವುದಿಲ್ಲ. ಕಾರು ಆ ಗಳಿಗೆಯಲ್ಲೇ ಕೆಡುತ್ತದೆ. ಮೊಬೈಲ್ ಬಂದ ಮೇಲಂತೂ ಚಿತ್ರಕಥೆಗಾರರ ಮೊದಲ ಕೆಲಸ ಅದನ್ನು ಕೊಲ್ಲುವುದಾಗಿದೆ. ಸಿಗ್ನಲ್ ಇಲ್ಲ, ಬ್ಯಾಟರಿ ಇಲ್ಲ, ನೀರಿಗೆ ಬಿತ್ತು. ಬಹಳಷ್ಟು ಚಿತ್ರಗಳಲ್ಲಿ ಮೊದಲ ಸಾವು ಮೊಬೈಲಿನದೇ. ರಂಗದ ಮೇಲೆ ಒಬ್ಬ ಗಟ್ಟಿಯಾಗಿ ಹೇಳಿಕೊಳ್ಳುವ ಸ್ವಗತ ಪಕ್ಕದವನಿಗೆ ಕೇಳಿಸುವುದಿಲ್ಲ ಎಂದು ನಾವು ಒಪ್ಪಿಕೊಳ್ಳುವುದಿಲ್ಲವೇ, ಹಾಗೇ ಇದೂ ಎಂದು ಅವಳಿಗೆ ಹೇಳಿ ನೋಡಿದೆ. "ಸ್ವಗತ ಹೇಳುವವನು ದಡ್ಡನಾಗಿರುವುದಿಲ್ಲ" ಎಂದಳು. ಉತ್ತರ ಹೊಳೆಯಲಿಲ್ಲ.

ಆದರೂ ಒಂದು ರೂಢಿಯ ಬಗ್ಗೆ ನನಗೆ ಮೆಚ್ಚುಗೆಯಿದೆ. ಎಲ್ಲರೂ ಸತ್ತ ಮೇಲೆ ಉಳಿಯುವ ಹುಡುಗಿ. ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ 1987ರ ಪ್ರಬಂಧವೊಂದರಲ್ಲಿ ಆಕೆಗೆ 'ಫೈನಲ್ ಗರ್ಲ್' ಎಂದು ಹೆಸರಿಟ್ಟರು. ಅವಳ ಶೀಲದ ಬಗ್ಗೆ ಬಹಳ ಚರ್ಚೆಯಾಗಿದೆ. ನನ್ನ ಕಣ್ಣಿಗೆ ಬೀಳುವುದು ಬೇರೆ ಗುಣ. ಉಳಿದವರು ನಗುತ್ತಿರುವಾಗ ಅವಳೊಬ್ಬಳು ಕಿಟಕಿಯಾಚೆ ನೋಡುತ್ತಿರುತ್ತಾಳೆ. ನಾವು ಕುರ್ಚಿಯಲ್ಲಿ ಕೂತು ಮಾಡುವ ಕೆಲಸವನ್ನು ಅವಳು ಚಿತ್ರದೊಳಗೆ ಮಾಡುತ್ತಾಳೆ.

ಕೊನೆಗೂ ತೋರಿಸಬೇಕೇ, ಬೇಡವೇ ಎಂಬುದು ಮುಗಿಯದ ಜಗಳ. ನಾಟ್ಯಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳಾಗಿ ಇಟ್ಟಿದೆ. ಒಂದರ ಸ್ಥಾಯಿ, ಎಂದರೆ ನೆಲೆನಿಂತ ಭಾವ, ಭಯ, ಇನ್ನೊಂದರದು ಜುಗುಪ್ಸೆ. ಬಣ್ಣವೂ ಬೇರೆ: ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ. (ಇಂದಿನ ಚಿತ್ರಗಳು ರಾತ್ರಿಯೆಲ್ಲಕ್ಕೂ ನೀಲಿ ಬಳಿಯುತ್ತವೆ, ಅದು ಬೇರೆ ವಿಷಯ.) ರಕ್ತ ಹೆಚ್ಚಿದಷ್ಟೂ ಹೆದರಿಕೆ ಹೆಚ್ಚುತ್ತದೆ ಎಂದುಕೊಂಡವರು ಈ ಎರಡನ್ನು ಕಲಸಿಬಿಡುತ್ತಾರೆ. 'ಸೈಕೋ'ದ ಆ ಕೊಲೆ ಕಪ್ಪುಬಿಳುಪು. ಚಿತ್ರೀಕರಣಕ್ಕೆ 7 ದಿನ ಹಿಡಿದ ಅದರಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್, ಇರಿತದ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚಾಕು ಹಾಕಿದ್ದು.

ತೋರಿಸದಿರುವುದು ಎಲ್ಲ ಸಲವೂ ವಿವೇಕದಿಂದ ಬಂದದ್ದಲ್ಲ. 'ಜಾಸ್' (1975) ಚಿತ್ರದ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಇಳಿದೊಡನೆ ಮುಷ್ಕರ ಹೂಡಿತು. ಸ್ಪೀಲ್‌ಬರ್ಗ್ ಬೇರೆ ದಾರಿ ಕಾಣದೆ ನೀರಿನ ಮೇಲ್ಮೈಯನ್ನೂ, ತೇಲುವ ಪೀಪಾಯಿಗಳನ್ನೂ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳನ್ನೂ ನಂಬಿಕೊಂಡರು. ಮೀನು ಮುಖ ಸರಿಯಾಗಿ ತೋರಿಸುವ ಹೊತ್ತಿಗೆ ಸುಮಾರು 80 ನಿಮಿಷ ಕಳೆದಿರುತ್ತದೆ. ನನಗೆ ಈ ಚಿತ್ರದ ಮೇಲೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ನಡುವೆ ಇಬ್ಬರು ಹುಡುಗರು ರಟ್ಟಿನ ಈಜುರೆಕ್ಕೆ ಇಟ್ಟುಕೊಂಡು ಜನರನ್ನು ಹೆದರಿಸುತ್ತಾರೆ. ದಡವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ಆದರೆ ಆ ಎರಡು ಸ್ವರ ಬರುವುದಿಲ್ಲ. ಸಂಗೀತ ಸುಳ್ಳು ಹೇಳಲಿಲ್ಲ. ಕಿವಿ ಕೊಟ್ಟವರಿಗೆ ಅಲ್ಲಿ ಶಾರ್ಕ್ ಇಲ್ಲವೆಂದು ಗೊತ್ತಾಗುತ್ತಿತ್ತು. ಕಿವಿ ಮುಚ್ಚಿಕೊಂಡಿದ್ದ ನಾನು ಸುಮ್ಮನೆ ಹೆದರಿದೆ.

ಪೂರ್ತಿ ತೋರಿಸಿಯೂ ಗೆದ್ದವರಿದ್ದಾರೆ ಎಂಬುದು ನನ್ನ ವಾದಕ್ಕೆ ತೊಡಕು. ಜಪಾನಿನ 'ರಿಂಗು' (1998) ಚಿತ್ರದಲ್ಲಿ ಕೂದಲು ಇಳಿಬಿಟ್ಟವಳು ಎದುರಿಗೇ ಬರುತ್ತಾಳೆ, ಯಾವ ಮರೆಯೂ ಇಲ್ಲ. ನಟಿಯನ್ನು ಹಿಮ್ಮುಖವಾಗಿ ನಡೆಸಿ, ಚಿತ್ರವನ್ನು ತಿರುಗುಮುರುಗಾಗಿ ಓಡಿಸಿದರು. ಹೆಜ್ಜೆ ಮುಂದಕ್ಕೇ ಬೀಳುತ್ತದೆ, ಭಾರ ಮಾತ್ರ ತಪ್ಪಾದ ಕಡೆಯಿಂದ ಬರುತ್ತದೆ. 1976ರ 'ಕ್ಯಾರಿ' ಚಿತ್ರದ ಕೊನೆಯ ಕನಸಿನಲ್ಲೂ ಇದೇ ಉಪಾಯವಿತ್ತು. ಹಿನ್ನೆಲೆಯಲ್ಲಿ ಒಂದು ಕಾರು ಹಿಂದಕ್ಕೆ ಚಲಿಸುವುದು ಅದರ ಗುರುತು. ಏನು ತಪ್ಪಾಗಿದೆ ಎಂದು ಬೆರಳಿಟ್ಟು ಹೇಳಲಾಗದ್ದನ್ನು ಎದುರಿಗೇ ನಿಲ್ಲಿಸಿದರೂ ಅದು ಪೂರ್ತಿ ಕಂಡಂತಾಗುವುದಿಲ್ಲ. ಹೀಗೆ ಹೇಳಿ ನಾನು ವಾದ ಉಳಿಸಿಕೊಳ್ಳುತ್ತಿದ್ದೇನೆ ಎಂದು ತಂಗಿಯ ಅಭಿಪ್ರಾಯ.

ಅವಳು ಸೋತದ್ದು ಒಂದೇ ಸಲ. ಸಿಕ್ಕಿದ ವಿಡಿಯೊ ಎಂಬ ನೆಪದ ಚಿತ್ರಗಳಿವೆಯಲ್ಲ, ಅವನ್ನು ಸಾಲಾಗಿ ನೋಡುತ್ತಿದ್ದೆವು. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಅವಳಿಗೆ ತಲೆನೋವು ತರಿಸಿತು. ನಟರ ಕೈಗೇ ಕ್ಯಾಮೆರಾ ಕೊಟ್ಟು, ದಿನದಿನಕ್ಕೆ ಊಟ ಕಡಿಮೆ ಮಾಡಿ, ರಾತ್ರಿ ಡೇರೆ ಅಲುಗಾಡಿಸಿ 8 ದಿನಗಳಲ್ಲಿ ತೆಗೆದದ್ದು ಎಂದರೆ, "ನನಗೂ ಅಷ್ಟೇ ಕಷ್ಟವಾಯಿತು" ಎಂದಳು. ಓರೆನ್ ಪೆಲಿ ತಮ್ಮ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ ತೆಗೆದ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' (2007) ಚಿತ್ರಕ್ಕೆ ಸ್ವಲ್ಪ ಬಗ್ಗಿದಳು. ಮಲಗುವ ಕೋಣೆಯಲ್ಲಿ ನಿಲ್ಲಿಸಿಟ್ಟ ಕ್ಯಾಮೆರಾ, ಮೂಲೆಯಲ್ಲಿ ಓಡುವ ಗಡಿಯಾರ. ಗಂಟೆಗಳು ಸರ್ರನೆ ಸರಿಯುತ್ತಿರುವಾಗ ಒಮ್ಮೆಲೇ ಗಡಿಯಾರ ನಿಧಾನವಾಗಿ ಸೆಕೆಂಡುಗಳ ನಡೆಗೆ ಇಳಿಯುತ್ತದೆ. ಏನೂ ಆಗಿರುವುದಿಲ್ಲ. ಅಂಕಿ ನಿಧಾನವಾದದ್ದಷ್ಟೇ ಸಾಕು. ಆ ಗಳಿಗೆಗಳಲ್ಲಿ ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು.

ಅದೇ ಸರಣಿಯ ಮೂರನೆಯ ಚಿತ್ರ (2011) ನಡೆಯುವುದು 1988ರಲ್ಲಿ. ಮನೆಯಾತ ಮೇಜಿನ ಫ್ಯಾನಿನ ರೆಕ್ಕೆ ಕಿತ್ತು, ಅದರ ತಿರುಗುವ ಬುಡಕ್ಕೆ ಕ್ಯಾಮೆರಾ ಕಟ್ಟುತ್ತಾನೆ. ಎಡಕ್ಕೆ ಹಜಾರ, ಬಲಕ್ಕೆ ಅಡುಗೆಮನೆ. ಕ್ಯಾಮೆರಾಕ್ಕೆ ಕುತೂಹಲವಿಲ್ಲ, ಅವಸರವಿಲ್ಲ, ಯಾರ ಮೇಲೂ ಕರುಣೆಯಿಲ್ಲ. ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ. ಹಜಾರದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿ ಓದುತ್ತಾ ಕೂತಿದ್ದಾಳೆ. ಒಂದು ಸುತ್ತು. ಇನ್ನೊಂದು ಸುತ್ತು. ಈ ಸಲ ಹಜಾರಕ್ಕೆ ಮರಳಿದಾಗ ಅವಳ ಬೆನ್ನ ಹಿಂದೆ, ಬಿಳಿಯ ಹೊದಿಕೆ ಹೊದ್ದ, ಮಗುವಿನಷ್ಟೆತ್ತರದ ಏನೋ ಒಂದು ನಿಂತಿದೆ. ಹುಡುಗಿ ತಲೆಯೆತ್ತುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಫ್ಯಾನು ತನ್ನ ಲೆಕ್ಕದ ಪ್ರಕಾರ ಅಲ್ಲಿಂದ ಹೊರಳತೊಡಗಿತು.

ತಂಗಿಯ ಮೊಬೈಲ್ ಯಾವಾಗಲೋ ಮಗುಚಿ ಮಡಿಲಲ್ಲಿ ಬಿದ್ದಿತ್ತು. ಕ್ಯಾಮೆರಾ ಬಲಕ್ಕೆ ಹೋಗುತ್ತಿತ್ತು, ಅಡುಗೆಮನೆ ಮೆಲ್ಲಗೆ ಕಾಣತೊಡಗಿತ್ತು. ಸೋಫಾದ ಮೇಲೆ ನಾವಿಬ್ಬರೂ ಕತ್ತು ಚಾಚಿ ಎಡಕ್ಕೆ ವಾಲಿದ್ದೆವು.